ಪುಣೆಯಲ್ಲಿ ಹೆರಿಗೆ, ಊರಿನಲ್ಲಿ ಬಾಣಂತನ: ನಡುವಿನ 42 ದಿನ ಕೈತಪ್ಪದಿರಲು

ಪುಣೆಯ ಸುತ್ತಮುತ್ತ ಕಟ್ಟಡ ಕೆಲಸಕ್ಕೆ ಬಂದಿರುವ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಸಂಸಾರಗಳಲ್ಲಿ ಶೆಡ್ಡಿನಲ್ಲೇ ಹೆರಿಗೆಯಾಗಲಿ ಎಂದು ಹಟ ಹಿಡಿಯುವವರು ಈಗ ಕಡಿಮೆ. ಆಸ್ಪತ್ರೆಗೆ ಹೋಗಬೇಕು ಎಂಬುದು ಅಜ್ಜಿಯರಿಗೂ ಒಪ್ಪಿಗೆಯಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರಕ್ಕೆ 97, ಮಹಾರಾಷ್ಟ್ರದ ನೂರಕ್ಕೆ ಸುಮಾರು 95 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿವೆ. ಎಡವುತ್ತಿರುವುದು ಅಲ್ಲಲ್ಲ, ಅದರ ಮುಂದಿನ ಮೆಟ್ಟಿಲಲ್ಲಿ, ಹೆರಿಗೆಯ ನಂತರ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡಬೇಕಾದ 42 ದಿನಗಳಲ್ಲಿ. ಹೆರಿಗೆಯಾಗಿ ಮೂರನೆಯ ದಿನಕ್ಕೋ ಐದನೆಯ ದಿನಕ್ಕೋ ಹಸಿಬಾಣಂತಿ ಕೂಸನ್ನು ಎತ್ತಿಕೊಂಡು ಊರಿನ ಬಸ್ಸು ಹತ್ತುತ್ತಾಳೆ. ಇಲ್ಲಿಯ ಆಶಾ ಕಾರ್ಯಕರ್ತೆ ತನ್ನ ಪುಸ್ತಕದಲ್ಲಿ ‘ಊರಿಗೆ ಹೋದರು’ ಎಂದು ಬರೆದುಕೊಳ್ಳುತ್ತಾಳೆ. ಊರಿನ ಆಶಾಳ ಪುಸ್ತಕದಲ್ಲಿ ಆಕೆ ಇನ್ನೂ ಪುಣೆಯಲ್ಲೇ ಇರುತ್ತಾಳೆ. ಎರಡು ರಾಜ್ಯಗಳ ಎರಡು ರಿಜಿಸ್ಟರುಗಳಲ್ಲಿ ಹೆಸರಿದ್ದರೂ ಬಾಗಿಲು ತಟ್ಟಿ ‘ಹೇಗಿದ್ದೀಯಮ್ಮಾ’ ಎಂದು ಕೇಳುವವರು ಯಾರೂ ಇಲ್ಲ.

ಈ ಬರಹವನ್ನು ಆ ತಾಯಿಯೇ ಓದುತ್ತಾಳೆ ಎಂಬ ಭ್ರಮೆ ನನಗಿಲ್ಲ. ಓದುವವರು ಆಕೆಯ ತಮ್ಮ, ಶಾಲೆಗೆ ಹೋಗುವ ನಾದಿನಿ, ಮೇಸ್ತ್ರಿ, ಅಥವಾ ಅದೇ ಬಡಾವಣೆಯ ಎತ್ತರದ ಕಟ್ಟಡದಲ್ಲಿರುವ ಕನ್ನಡದ ಮನೆಯವರು. ಹಾಗಾಗಿ ಮುಂದಿನ ಮಾತು ನಿಮಗೇ. ಆಕೆಗೆ ಓದಿ ಹೇಳಿ, ಓಡಾಡುವ ಕೆಲಸ ನೀವು ಮಾಡಿ.

ಮೊದಲು ಕಾರ್ಡು

ತಿಂಗಳು ತಪ್ಪಿದೆ ಎಂದು ಗೊತ್ತಾದ ಕೂಡಲೇ, ತಡವೆಂದರೂ ಮೂರು ತಿಂಗಳೊಳಗೆ, ಹೆಸರು ನೋಂದಾಯಿಸಿ. ಮಹಾರಾಷ್ಟ್ರದಲ್ಲಿ ಕೊಡುವ ಮಾತಾ ಬಾಲ ಸಂರಕ್ಷಣ ಕಾರ್ಡು, ಕರ್ನಾಟಕದ ತಾಯಿ ಕಾರ್ಡು ಎರಡೂ ಒಂದೇ ಕೆಲಸದವು. ಊರಿನಲ್ಲಿ ಮಾಡಿಸಿದ ಕಾರ್ಡು ಇದ್ದರೆ ಅದನ್ನೇ ತನ್ನಿ. ಇಲ್ಲಿ ಹೊಸದನ್ನು ಕೊಟ್ಟರೂ ಹಳೆಯದನ್ನು ಎಸೆಯಬೇಡಿ, ಎರಡನ್ನೂ ಜೊತೆಗಿಡಿ. ಪ್ರತಿ ತಪಾಸಣೆಯಾದ ಮೇಲೆ ಎಲ್ಲ ಪುಟಗಳ ಫೋಟೊ ತೆಗೆದು ಗಂಡನ ಮೊಬೈಲಿಗೂ ತವರಿನ ಒಬ್ಬರ ಮೊಬೈಲಿಗೂ ಕಳುಹಿಸಿ. ಶೆಡ್ಡು ಬದಲಾಯಿಸುವಾಗ, ಮಳೆಯಲ್ಲಿ ಪೆಟ್ಟಿಗೆ ನೆನೆದಾಗ ಮೊದಲು ಹಾಳಾಗುವುದು ಕಾಗದವೇ.

ನೋಂದಣಿ ಎಲ್ಲಿ ಎಂಬುದು ಶೆಡ್ಡು ಯಾವ ಹದ್ದಿನಲ್ಲಿದೆ ಎಂಬುದರ ಮೇಲೆ ನಿಂತಿದೆ. ವಾಘೋಲಿ 2021ರಲ್ಲಿ ಪುಣೆ ಮಹಾನಗರ ಪಾಲಿಕೆಗೆ ಸೇರಿದೆ, ಅಲ್ಲಿಯವರಿಗೆ ಪಾಲಿಕೆಯ ದವಾಖಾನೆ. ಪಿಂಪರಿ, ಚಿಂಚವಾಡ, ವಾಕಡ್ ಬೇರೆಯೇ ಪಾಲಿಕೆ. ಹಿಂಜವಡಿಯ ಐಟಿ ಕಟ್ಟಡಗಳು ಎಷ್ಟೇ ಎತ್ತರವಿದ್ದರೂ ಅದು ಮುಳಶಿ ತಾಲ್ಲೂಕಿನ ಹಳ್ಳಿ. ಅಲ್ಲಿ ಜಿಲ್ಲಾ ಪರಿಷತ್ತಿನ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಉಪಕೇಂದ್ರಗಳ ವ್ಯವಸ್ಥೆ. ಇದೆಲ್ಲ ತಲೆನೋವು ಅನ್ನಿಸಿದರೆ ಹತ್ತಿರದ ಅಂಗನವಾಡಿಗೆ ಹೋಗಿ ‘ಇಲ್ಲಿಯ ಆಶಾತಾಯಿ ಯಾರು’ ಎಂದು ಕೇಳಿ, ಫೋನ್ ನಂಬರು ಬರೆದುಕೊಳ್ಳಿ. ಶೆಡ್ಡಿಗೆ ಯಾರೂ ಬರಲಿಲ್ಲ ಎಂದು ಕಾಯುತ್ತಾ ಕೂರಬೇಡಿ. ಕಾಂಪೌಂಡಿನ ಗೇಟಿನಲ್ಲಿ ಕಾವಲುಗಾರ ಅವರನ್ನು ಒಳಗೆ ಬಿಡದೆ ವಾಪಸು ಕಳುಹಿಸಿರುವ ಸಾಧ್ಯತೆಯೂ ಇದೆ. ಮೇಸ್ತ್ರಿಗಳು ಈ ಒಂದು ವಿಷಯದಲ್ಲಿ ಕಾವಲುಗಾರನಿಗೆ ಮಾತು ಹೇಳಿದರೆ ಸಾಕು, ದೊಡ್ಡ ಉಪಕಾರ.

ತಪಾಸಣೆಯಲ್ಲಿ ಏನೇನು ಆಗಬೇಕು? ತೂಕ, ರಕ್ತದೊತ್ತಡ, ಮೂತ್ರ, ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆ, ಧನುರ್ವಾತ–ಗಂಟಲಮಾರಿಯ ಟಿಡಿ ಚುಚ್ಚುಮದ್ದು ಎರಡು. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇರುತ್ತದೆ. ಆ ದಿನ ವೈದ್ಯರೇ ನೋಡುತ್ತಾರೆ. ಒಂದು ದಿನದ ಕೂಲಿ ಹೋದರೂ ನಾಲ್ಕನೆಯ ತಿಂಗಳ ನಂತರ ಒಂದು 9ನೆಯ ತಾರೀಖನ್ನಾದರೂ ಇದಕ್ಕೆ ಮೀಸಲಿಡಿ. ಇನ್ನು ಕಬ್ಬಿಣದ ಗುಳಿಗೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180, ಹೆರಿಗೆಯ ನಂತರ ಮತ್ತೆ 180. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಅರ್ಧಕ್ಕೆ ನಿಲ್ಲಿಸುವವರೇ ಹೆಚ್ಚು. ರಾತ್ರಿ ಊಟದ ನಂತರ ನುಂಗಿದರೆ ಬಾಧೆ ಕಡಿಮೆ. ಚಹಾದ ಜೊತೆಗೆ ಬೇಡ, ಸುಣ್ಣದ ಅಂಶದ ಕ್ಯಾಲ್ಸಿಯಂ ಗುಳಿಗೆಯ ಜೊತೆಗೂ ಬೇಡ. ಎರಡಕ್ಕೂ ಕೆಲವು ಗಂಟೆಗಳ ಅಂತರವಿರಲಿ.

ಏಳನೆಯ ತಿಂಗಳೊಳಗೆ ತೀರ್ಮಾನ: ಇಲ್ಲಿಯೋ, ತವರಿಗೋ

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯನ್ನು ನಾನು ಹಳಿಯುವವಳಲ್ಲ. ಬಾಣಂತಿಗೆ ತಾಯಿಯ ಕೈ ಬೇಕು, ಬಿಸಿ ನೀರು ಬೇಕು, ನಿದ್ದೆ ಬೇಕು. ಹತ್ತಡಿ ಅಗಲದ ತಗಡಿನ ಶೆಡ್ಡಿನಲ್ಲಿ ಇದ್ಯಾವುದೂ ಸುಲಭವಲ್ಲ. ಆದರೆ ‘ತವರು ಎಂದರೆ ಕ್ಷೇಮ’ ಎಂದು ಕಣ್ಣು ಮುಚ್ಚಿಕೊಂಡು ಹೊರಡುವುದಕ್ಕೆ ಆಧಾರವಿಲ್ಲ. 2018–20ರ ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ಕರ್ನಾಟಕದಲ್ಲಿ 69, ಮಹಾರಾಷ್ಟ್ರದಲ್ಲಿ 33. ನಿಮ್ಮ ತಾಲ್ಲೂಕು ಆಸ್ಪತ್ರೆ ಚೆನ್ನಾಗಿಯೇ ಇರಬಹುದು. ರಾತ್ರಿ ಎರಡು ಗಂಟೆಗೆ ಅಲ್ಲಿ ಸಿಸೇರಿಯನ್ ಮಾಡುವವರು, ಅರಿವಳಿಕೆ ಕೊಡುವವರು, ರಕ್ತ ಇವು ಇವೆಯೇ ಎಂದು ಫೋನು ಮಾಡಿ ಕೇಳಿಕೊಂಡು ನಂತರ ನಿರ್ಧರಿಸಿ.

ಕೆಲವರ ವಿಷಯದಲ್ಲಿ ಆಯ್ಕೆಯೇ ಇಲ್ಲ, ದೊಡ್ಡ ಆಸ್ಪತ್ರೆಯ ಹತ್ತಿರವೇ ಇರಬೇಕು: ಹಿಂದೆ ಸಿಸೇರಿಯನ್ ಆದವರು, ಅವಳಿ ಇರುವವರು, ರಕ್ತದೊತ್ತಡ 140/90 ಅಥವಾ ಮೇಲಿರುವವರು, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿರುವವರು, ಕೂಸು ಅಡ್ಡವೋ ಬುಡಮೇಲೋ ಇರುವವರು, ಹಿಂದಿನ ಹೆರಿಗೆಯಲ್ಲಿ ವಿಪರೀತ ರಕ್ತ ಹೋದವರು. ಇಂಥವರನ್ನು ನೋಡಿಕೊಳ್ಳಲು ತವರಿನವರೇ ಪುಣೆಗೆ ಬಂದು ಎರಡು ತಿಂಗಳು ಇದ್ದರೆ ಒಳ್ಳೆಯದು.

ಹದಿನೆಂಟು ತುಂಬದ ಹುಡುಗಿ ಬಸುರಿಯಾಗಿದ್ದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ಕಾನೂನಿನ ಕಡ್ಡಾಯ. ಮನೆಯವರು ಈ ಭಯಕ್ಕೇ ಶೆಡ್ಡಿನ ಬಾಗಿಲು ಹಾಕಿಕೊಳ್ಳುತ್ತಾರೆ. ಅಷ್ಟು ಎಳೆಯ ಮೈಗೆ ಹೆರಿಗೆಯ ಅಪಾಯ ಇನ್ನಷ್ಟು ಹೆಚ್ಚು. ಪ್ರಕರಣವನ್ನು ಎದುರಿಸಬಹುದು, ಆಕೆಯ ಜೀವವನ್ನು ವಾಪಸು ತರಲಾಗುವುದಿಲ್ಲ. ಕರೆದುಕೊಂಡು ಹೋಗಿ.

ಊರಿಗೇ ಎಂದು ತೀರ್ಮಾನವಾದರೆ ಎಂಟನೆಯ ತಿಂಗಳು ಮುಗಿಯುವುದರೊಳಗೆ ಹೊರಡಿ. ಸ್ಲೀಪರ್ ಬಸ್ಸಿನ ಮೇಲಿನ ಬರ್ತ್ ಹತ್ತಿಸುವುದಕ್ಕಿಂತ ರೈಲು ವಾಸಿ. ಮುಂಬೈ–ಬೆಂಗಳೂರು ಉದ್ಯಾನ್ ಎಕ್ಸ್‌ಪ್ರೆಸ್ ಪುಣೆಯಿಂದ ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು ಮಾರ್ಗವಾಗಿಯೇ ಹೋಗುತ್ತದೆ. ಬಸುರಿಯರಿಗೆ ಕೆಳಗಿನ ಬರ್ತಿನ ಕೋಟಾ ಇದೆ. ಟಿಕೆಟ್ ತೆಗೆಸುವಾಗಲೇ ಹೇಳಬೇಕು. ದಾರಿಯಲ್ಲಿ ತೊಂದರೆಯಾದರೆ ರೈಲ್ವೆಯ 139ಕ್ಕೆ ಕರೆ ಮಾಡಿ. ಊರು ಮುಟ್ಟಿದ ವಾರದೊಳಗೆ ಅಲ್ಲಿಯ ಆಶಾಳಿಗೆ ಕಾರ್ಡು ತೋರಿಸಿ, ಆಕೆಯ ಪುಸ್ತಕದಲ್ಲಿ ಹೆಸರು ಬರೆಸಿ. ಅದು ತಪ್ಪಿದರೆ ಆಕೆಯ ಪಾಲಿಗೆ ನೀವು ಪುಣೆಯವರೇ.

ಇಲ್ಲಿಯೇ ಎಂದಾದರೆ ಆಸ್ಪತ್ರೆಯನ್ನು ಈಗಲೇ ಆರಿಸಿಕೊಳ್ಳಿ. ಪುಣೆ ರೈಲು ನಿಲ್ದಾಣದ ಹತ್ತಿರದ ಸಸೂನ್ ಸರ್ಕಾರಿ ಆಸ್ಪತ್ರೆ, ಮಂಗಳವಾರ ಪೇಟೆಯ ಕಮಲಾ ನೆಹರು ಆಸ್ಪತ್ರೆ, ಔಂಧ್‌ನ ಜಿಲ್ಲಾ ಆಸ್ಪತ್ರೆ, ಪಿಂಪರಿಯ ಯಶವಂತರಾವ್ ಚವಾಣ್ ಸ್ಮಾರಕ ಆಸ್ಪತ್ರೆ ಇವು ದೊಡ್ಡವು. ತೊಡಕಿಲ್ಲದ ಹೆರಿಗೆಗೆ ಹತ್ತಿರದ ಪಾಲಿಕೆಯ ಹೆರಿಗೆ ಆಸ್ಪತ್ರೆಯೂ, ಹಳ್ಳಿ ಕಡೆಯಾದರೆ ಗ್ರಾಮೀಣ ರುಗ್ಣಾಲಯವೂ ಸಾಕು. ಹಗಲಿನಲ್ಲಿ ಒಮ್ಮೆ ಹೋಗಿ ಕೇಸ್ ಪೇಪರ್ ಮಾಡಿಸಿ, ರಾತ್ರಿ ತೆರೆದಿರುವ ಗೇಟು ಯಾವುದು, ಹೆರಿಗೆ ವಾರ್ಡು ಯಾವ ಮಹಡಿ ಎಂದು ನೋಡಿಕೊಂಡು ಬನ್ನಿ. ಖಾಸಗಿ ಆಸ್ಪತ್ರೆಯೇ ಬೇಕೆಂದರೆ ಸಹಜ ಹೆರಿಗೆಗೆಷ್ಟು, ಸಿಸೇರಿಯನ್‌ಗೆಷ್ಟು, ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ (ಇನ್‌ಕ್ಯುಬೇಟರ್) ಇಟ್ಟರೆ ದಿನಕ್ಕೆಷ್ಟು ಎಂಬ ಮೂರು ಅಂಕಿಗಳನ್ನು ಬರೆಸಿಕೊಳ್ಳಿ. ಮೂರನೆಯದನ್ನು ಕೇಳದೆ ಹೋಗಿ ಸಾಲದಲ್ಲಿ ಮುಳುಗಿದ ಸಂಸಾರಗಳಿವೆ.

ಎಲ್ಲಕ್ಕಿಂತ ಕೆಟ್ಟ ತೀರ್ಮಾನವೆಂದರೆ ತೀರ್ಮಾನವನ್ನೇ ಮಾಡದಿರುವುದು. ನೋವು ಶುರುವಾದ ಮೇಲೆ ‘ಹೇಗೂ ರಾತ್ರಿ ಬಸ್ಸಿದೆ, ಬೆಳಿಗ್ಗೆ ಊರು’ ಎಂದು ಹೊರಟವರಿದ್ದಾರೆ.

ಚೀಲ, ಫೋನು, ವಿಳಾಸ

ಎಂಟನೆಯ ತಿಂಗಳಿಗೆ ಒಂದು ಚೀಲ ಕಟ್ಟಿಡಿ. ಕಾರ್ಡು, ಸೋನೋಗ್ರಫಿ ವರದಿಗಳು, ಗಂಡ ಹೆಂಡತಿ ಇಬ್ಬರ ಆಧಾರ್, ತಾಯಿಯ ಹೆಸರಿನ ಬ್ಯಾಂಕ್ ಪಾಸ್‌ಬುಕ್, ಪಡಿತರ ಚೀಟಿ, ಜಾತಿ ಪ್ರಮಾಣಪತ್ರ ಇದ್ದರೆ ಅದು. ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಸೀರೆಯ ತುಂಡುಗಳು, ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಪ್ಯಾಡುಗಳು, ಲೋಟ, ಚಮಚ, ಚಾರ್ಜರ್. ಒಂದು ಚೀಟಿಯಲ್ಲಿ ತಂದೆ ತಾಯಿಯ ಹೆಸರನ್ನು ಆಧಾರಿನಲ್ಲಿ ಇರುವಂತೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಡಿ. ಜನನ ನೋಂದಣಿಯ ಅರ್ಜಿಯನ್ನು ಮರಾಠಿಯ ಸಿಬ್ಬಂದಿ ಕೇಳಿದಂತೆ ಬರೆದುಬಿಟ್ಟರೆ ‘ಮಲ್ಲಮ್ಮ’ ಇನ್ನೇನೋ ಆಗುತ್ತದೆ. ಆರು ವರ್ಷದ ನಂತರ ಊರಿನ ಶಾಲೆಯಲ್ಲಿ ಹೆಸರು ತಾಳೆಯಾಗದೆ ಅಲೆಯಬೇಕಾಗುತ್ತದೆ.

ಮಹಾರಾಷ್ಟ್ರದಲ್ಲಿ ತುರ್ತು ಆಂಬುಲೆನ್ಸ್‌ಗೆ 108, ಬಸುರಿ ಬಾಣಂತಿಯರ ಮತ್ತು ಕೂಸುಗಳ ವಾಹನಕ್ಕೆ 102. ಎರಡೂ ಉಚಿತ. ತೊಡಕಿರುವುದು ವಿಳಾಸದಲ್ಲಿ. ಕೂಲಿಕಾರರ ಶೆಡ್ಡಿಗೆ ಬೀದಿಯ ಹೆಸರಿಲ್ಲ, ಮನೆ ನಂಬರಿಲ್ಲ. ಕಟ್ಟಡದ ಬೋರ್ಡಿನಲ್ಲಿರುವ ಹೆಸರು, ಮುಖ್ಯ ರಸ್ತೆಯ ಪೆಟ್ರೋಲ್ ಬಂಕು ಅಥವಾ ದೇವಸ್ಥಾನ, ಕಾವಲುಗಾರನ ಫೋನು ಇವನ್ನು ಒಂದು ಕಾಗದದಲ್ಲಿ ಬರೆದು ಶೆಡ್ಡಿನ ಬಾಗಿಲ ಒಳಗೆ ಅಂಟಿಸಿ. ರಾತ್ರಿಯಾದರೆ ಒಬ್ಬರು ಟಾರ್ಚು ಹಿಡಿದು ಮುಖ್ಯ ರಸ್ತೆಗೆ ಹೋಗಿ ನಿಲ್ಲಲಿ. ಆಂಬುಲೆನ್ಸ್ ತಡವಾದರೆ ಯಾರ ಆಟೊ ಎಂಬುದೂ ಗೊತ್ತಿರಲಿ, ಅದಕ್ಕೆ ಒಂದಿಷ್ಟು ನಗದು ಪಕ್ಕಕ್ಕಿರಲಿ.

ಮರಾಠಿಯ ನಾಲ್ಕು ಮಾತುಗಳನ್ನು ಬಸುರಿಯೂ ಕಲಿತಿದ್ದರೆ ವಾರ್ಡಿನಲ್ಲಿ ಒಬ್ಬಳೇ ಇದ್ದಾಗ ಕೆಲಸಕ್ಕೆ ಬರುತ್ತವೆ. ನೋವು ಬರುತ್ತಿದೆ ಎನ್ನಲು ‘ಕಳಾ ಯೇತಾಹೇತ್’. ರಕ್ತ ಬಹಳ ಹೋಗುತ್ತಿದೆ ಎನ್ನಲು ‘ಅಂಗಾವರೂನ್ ಖೂಪ್ ಜಾತಂಯ್’. ತಲೆ ಬಹಳ ನೋಯುತ್ತಿದೆ ಎನ್ನಲು ‘ಡೋಕಂ ಖೂಪ್ ದುಖತಂಯ್’. ಕೂಸು ಹಾಲು ಕುಡಿಯುತ್ತಿಲ್ಲ ಎನ್ನಲು ‘ಬಾಳ ದೂಧ ಪೀತ ನಾಹೀ’. ಜೊತೆಗೆ ಹೆತ್ತ ಅನುಭವವಿರುವ ಒಬ್ಬ ಹೆಂಗಸು ಇರಲಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಅಂಥ ಸಂಗಾತಿಗೆ ಅವಕಾಶ ಕೊಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ, ವಿನಯದಿಂದ ಕೇಳಿ.

ನೋವು ಶುರುವಾದಾಗ

ನೀರು ಹೋದರೆ, ರಕ್ತ ಕಂಡರೆ, ನೋವು ತಾಳಬದ್ಧವಾಗಿ ಬರುತ್ತಾ ಹತ್ತಿರವಾಗುತ್ತಿದ್ದರೆ, ಕೂಸಿನ ಅಲುಗಾಟ ಕಡಿಮೆಯಾದರೆ, ಕಣ್ಣು ಮಂಜಾದರೆ, ಫಿಟ್ಸ್ ಬಂದರೆ ಹೊರಡಿ. ಹತ್ತಿರದ ಯಾರೋ ‘ಡಾಕ್ಟರ’ನನ್ನು ಕರೆಸಿ ನೋವು ಬರುವ ಇಂಜೆಕ್ಷನ್ ಹಾಕಿಸಬೇಡಿ. ಆಸ್ಪತ್ರೆಯಲ್ಲಿ ಹನಿಹನಿಯಾಗಿ ಅಳೆದು ಕೊಡುವ ಔಷಧ ಅದು. ಶೆಡ್ಡಿನಲ್ಲಿ ಒಮ್ಮೆಗೇ ಚುಚ್ಚಿದರೆ ಗರ್ಭಕೋಶ ಹರಿಯಬಹುದು, ಕೂಸು ಉಸಿರುಗಟ್ಟಬಹುದು.

ದಾರಿಯಲ್ಲೇ ಹೆರಿಗೆಯಾದರೆ ಕೂಸನ್ನು ಒಣ ಬಟ್ಟೆಯಿಂದ ಒರೆಸಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಮೇಲೆ ಹೊದಿಸಿ, ಮೊಲೆಗೆ ಹಿಡಿಸಿ. ಬಳ್ಳಿ ಕತ್ತರಿಸುವ ಆತುರ ಬೇಡ. ಕಸವನ್ನು (ಮಾಸನ್ನು) ಎಳೆಯಬೇಡಿ. ಹಾಗೆಯೇ ಆಸ್ಪತ್ರೆಗೆ ನಡೆಯಿರಿ.

ಆಸ್ಪತ್ರೆಯಲ್ಲಿ 48 ಗಂಟೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆರಿಗೆ ಸುಖವಾಗಿ ಆಯಿತು, ಇನ್ನೇಕೆ ಈ ಗದ್ದಲದಲ್ಲಿ ಇರುವುದು, ಒಂದು ದಿನದ ಕೂಲಿಯಾದರೂ ಉಳಿಯಲಿ ಎಂದು ಮಾರನೆಯ ಬೆಳಿಗ್ಗೆಯೇ ಸಹಿ ಹಾಕಿ ಹೊರಟುಬಿಡುವವರಿದ್ದಾರೆ. ತಾಯಂದಿರನ್ನು ಅತಿ ಹೆಚ್ಚಾಗಿ ಬಲಿ ತೆಗೆದುಕೊಳ್ಳುವ ರಕ್ತಸ್ರಾವ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹೆರಿಗೆಯ ನಂತರದ ಮೊದಲ 24 ಗಂಟೆಗಳಲ್ಲಿ. ಗರ್ಭಕೋಶ ಮುಷ್ಟಿಯಂತೆ ಬಿಗಿಯಬೇಕು. ಬಿಗಿಯದೆ ಸಡಿಲವಾಗಿಯೇ ಉಳಿದರೆ ರಕ್ತ ಸುರಿಯುತ್ತಲೇ ಹೋಗುತ್ತದೆ, ಒಂದೆರಡು ಗಂಟೆಯಲ್ಲಿ ಜೀವಕ್ಕೇ ಬರುತ್ತದೆ. ವಾರ್ಡಿನಲ್ಲಿದ್ದರೆ ಔಷಧವಿದೆ, ರಕ್ತವಿದೆ. ಶೆಡ್ಡಿನಲ್ಲಿ ಏನಿದೆ? ಸಹಜ ಹೆರಿಗೆಗೂ ಕನಿಷ್ಠ 48 ಗಂಟೆ ಆಸ್ಪತ್ರೆಯಲ್ಲಿ ಉಳಿಯಬೇಕೆಂಬುದು ನಮ್ಮ ದೇಶದ ಸರ್ಕಾರಿ ಮಾರ್ಗಸೂಚಿ. ಹಾಸಿಗೆ ಸಾಲದು, ಹೋಗಿ ಎಂದು ಅವರೇ ಹೇಳಿದರೂ 24 ಗಂಟೆಗೆ ಮುಂಚೆ ಒಪ್ಪಿಕೊಳ್ಳಬೇಡಿ.

ಹಣದ ಚಿಂತೆ ಈ ಎರಡು ದಿನಕ್ಕೆ ಬೇಡ. 2011ರ ಜೂನ್ 1ರಿಂದ ನಡೆಯುತ್ತಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟವೂ ಉಂಟು. ಬರುವ ವಾಹನ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ವಾಹನ, ಮನೆಗೆ ಬಿಡುವ ವಾಹನವೂ ಅದರಲ್ಲಿ ಸೇರಿದೆ. ಕೂಸಿಗೆ ಕಾಯಿಲೆಯಾದರೆ ಒಂದು ವರ್ಷದವರೆಗೆ ಇದೇ ಸೌಲಭ್ಯ. ಬಡತನದ ಚೀಟಿ, ಇಲ್ಲಿಯ ವಾಸದ ದಾಖಲೆ ಎಂಬ ಷರತ್ತು ಈ ಕಾರ್ಯಕ್ರಮದಲ್ಲಿಲ್ಲ. ಕೂಸನ್ನು ತೋರಿಸಿ ‘ಖುಷಿಗೆ’ ಎಂದು ಕೈ ಚಾಚುವವರು ಎಲ್ಲ ಊರಿನಲ್ಲೂ ಇದ್ದಾರೆ. ಕೊಡಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಹಾಲು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವ ಹಿರಿಯರಿಗೆ ಅದೇ ಕೂಸಿನ ಮೊದಲ ಲಸಿಕೆ ಎಂದು ಹೇಳಿ. ಜೇನುತುಪ್ಪ, ಸಕ್ಕರೆ ನೀರು, ತೇಯ್ದ ಬಜೆ ಯಾವುದೂ ಬೇಡ.

ಬಿಡುಗಡೆಗೆ ಮುಂಚೆ ಚೀಟಿ ಹಿಡಿದು ಕೇಳಿ. ತಾಯಿಯ ರಕ್ತದೊತ್ತಡ ನೋಡಿದರೇ? ಮೂತ್ರ ಸಲೀಸಾಗಿ ಹೋಗುತ್ತಿದೆಯೇ? ಕೂಸಿನ ತೂಕ ಎಷ್ಟು? ವಿಟಮಿನ್ ಕೆ ಚುಚ್ಚುಮದ್ದು ಆಯಿತೇ? 24 ಗಂಟೆಯೊಳಗೆ ಕೊಡಬೇಕಾದ ಹೆಪಟೈಟಿಸ್ ಬಿ ಲಸಿಕೆ, ಜೊತೆಗೆ ಬಿಸಿಜಿ, ಪೋಲಿಯೊ ಹನಿ ಆದವೇ, ಕಾರ್ಡಿನಲ್ಲಿ ತಾರೀಖು ಬಿತ್ತೇ? ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿ ಕೂಸಿನದು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕೇ ಬೇಕು. ಇದು ತಪ್ಪಿದರೆ ಪೆಟ್ಟು ಬೀಳುವುದು ಮುಂದಿನ ಬಸಿರಿಗೆ, ಹಾಗಾಗಿ ಆಗ ಯಾರಿಗೂ ನೆನಪಿರುವುದಿಲ್ಲ. ಗರ್ಭನಿರೋಧಕದ ಮಾತೂ ಇಲ್ಲೇ ಬರುತ್ತದೆ: ವಂಕಿಯನ್ನು (ಕಾಪರ್-ಟಿ) 48 ಗಂಟೆಯೊಳಗೆ ಹಾಕಬಹುದು, ಇಲ್ಲವಾದರೆ ಆರು ವಾರದ ನಂತರ. ಹಾಕಿಸಿಕೊಳ್ಳುವುದು ಬಿಡುವುದು ಆಕೆಯ ಇಚ್ಛೆ; ಹಾಕಿದ್ದರೆ ಅದು ಆಕೆಗೆ ಗೊತ್ತಿರಬೇಕು, ಬಿಡುಗಡೆ ಚೀಟಿಯಲ್ಲೂ ಇರಬೇಕು.

ಆ 42 ದಿನ

ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ ಬರಬೇಕಾದ ದಿನಗಳು 3, 7, 14, 21, 28, 42. ಸಿಸೇರಿಯನ್ ಆಗಿದ್ದರೆ ಏಳನೆಯ ದಿನದಿಂದ ಶುರು. ಲೆಕ್ಕ ನೆನಪಿಡಲು ನಮ್ಮ ಶಾಸ್ತ್ರಗಳೇ ಸಾಕು. ಐದನೆಯ ದಿನ ಶೆಟಿಗೆವ್ವನ ಪೂಜೆ ಮಾಡುತ್ತೀರಲ್ಲ, ಅದರ ಹಿಂದೊಂದು ಭೇಟಿ ಮುಂದೊಂದು ಭೇಟಿ. ತೊಟ್ಟಿಲಿಗೆ ಹಾಕುವ ಹೊತ್ತಿಗೆ ಮೂರನೆಯದು. ಬಾಣಂತಿ ಹೊರಗೆ ಬರುವ ಹೊತ್ತಿಗೆ ಕೊನೆಯದು.

ಊರಿಗೆ ಹೋಗುವುದಾದರೆ ನನ್ನ ಸಲಹೆ ಇಷ್ಟು: ಸಹಜ ಹೆರಿಗೆಯಾದರೂ ಏಳನೆಯ ದಿನದ ಭೇಟಿ ಮುಗಿಸಿ ಹೊರಡಿ. ಸಿಸೇರಿಯನ್ ಆಗಿದ್ದರೆ, ಕೂಸಿನ ತೂಕ ಎರಡೂವರೆ ಕಿಲೊಗಿಂತ ಕಡಿಮೆಯಿದ್ದರೆ ಇನ್ನೂ ತಡೆಯಿರಿ, ವೈದ್ಯರನ್ನು ಕೇಳಿ. ಹೊರಡುವ ಹಿಂದಿನ ದಿನ ಇಲ್ಲಿಯ ಆಶಾಳ ಫೋನಿನಿಂದಲೇ ಊರಿನ ಆಶಾಳಿಗೆ ಮಾತನಾಡಿಸಿ. ಒಬ್ಬರಿಗೆ ಕನ್ನಡ ಬರುವುದಿಲ್ಲ, ಇನ್ನೊಬ್ಬರಿಗೆ ಮರಾಠಿ ಬರುವುದಿಲ್ಲ, ನಡುವೆ ನೀವಿರಿ. ಹೆರಿಗೆಯ ತಾರೀಖು, ತೂಕ, ಹೊಲಿಗೆ ಇದೆಯೇ, ರಕ್ತದೊತ್ತಡ ಇತ್ತೇ, ಯಾವ ಲಸಿಕೆ ಬಾಕಿ. ಐದು ನಿಮಿಷದ ಈ ಕರೆ ಯಾವ ಯೋಜನೆಯಲ್ಲೂ ಬರೆದಿಲ್ಲ. ನನ್ನ ಮಟ್ಟಿಗೆ ಈ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುವಿರಾದರೆ ಇದನ್ನು ಮಾಡಿ.

ಈ ದಿನಗಳಲ್ಲಿ ಎಲ್ಲೇ ಇದ್ದರೂ, ರಾತ್ರಿ ಎಷ್ಟೇ ಆಗಿದ್ದರೂ, ತಾಯಿಯನ್ನು ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು: ಗಂಟೆಯೊಳಗೆ ಒಂದು ಪ್ಯಾಡು ಪೂರ್ತಿ ನೆನೆಯುವಷ್ಟು ರಕ್ತ, ದೊಡ್ಡ ಹೆಪ್ಪುಗಳು, ಜ್ವರ, ನಾರುವ ಸ್ರಾವ, ಹೊಲಿಗೆಯಲ್ಲಿ ಕೀವು, ಏದುಸಿರು, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಬಿಡದ ತಲೆನೋವು, ಕಣ್ಣು ಮಂಜು, ಫಿಟ್ಸ್. ಕೊನೆಯ ಮೂರಕ್ಕೆ ‘ಗಾಳಿ ಸೋಕಿದೆ’ ಎಂದು ಮಂತ್ರ ಹಾಕಿಸುವುದುಂಟು. ರಕ್ತದೊತ್ತಡದ ಈ ಕಾಯಿಲೆ ಹೆರಿಗೆಯ ನಂತರವೂ, ಆರು ವಾರದವರೆಗೂ ಬರಬಹುದು, ಬಸುರಿನಲ್ಲಿ ಇಲ್ಲದಿದ್ದವರಿಗೂ ಬರಬಹುದು. ಮಂತ್ರ ಹಾಕಿಸಲೇಬೇಕೆಂದರೆ ಆಸ್ಪತ್ರೆಯಿಂದ ಬಂದ ಮೇಲೆ ಹಾಕಿಸಿ.

ಕೂಸಿನಲ್ಲಿ: ಹಾಲು ಎಳೆಯದಿರುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಪಕ್ಕೆ ಸೆಳೆಯುವುದು, ಮೈ ಸುಡುವುದು ಅಥವಾ ತಣ್ಣಗಾಗುವುದು, ಹೊಕ್ಕುಳ ಸುತ್ತ ಕೆಂಪು ಅಥವಾ ಕೀವು, ಮೊದಲ ದಿನವೇ ಕಾಮಾಲೆ ಅಥವಾ ಅಂಗೈ ಅಂಗಾಲಿನವರೆಗೆ ಹಳದಿ, ಸೆಳೆತ, ಬಡಿದೆಬ್ಬಿಸಿದರೂ ಏಳದ ಮಂಪರು.

ಬಾಣಂತನದ ಪದ್ಧತಿಗಳನ್ನು ಒಟ್ಟಾಗಿ ಮೌಢ್ಯವೆಂದು ತಳ್ಳುವವರ ಜೊತೆ ನನಗೆ ಜಗಳವಿದೆ. ಅಂಟಿನುಂಡೆ, ಅಳವಿ ಪಾಯಸ, ಬಿಸಿ ಜೋಳದ ರೊಟ್ಟಿ, ಎಣ್ಣೆ ನೀರು, ನಲವತ್ತು ದಿನ ಭಾರ ಎತ್ತಿಸದಿರುವುದು ಇವುಗಳಲ್ಲಿ ತಪ್ಪೇನಿದೆ? ಎಲ್ಲ ಹೆಂಗಸರಿಗೂ ಇಷ್ಟು ಸಿಕ್ಕಿದ್ದರೆ ಚೆನ್ನಾಗಿತ್ತು. ಬಿಡಬೇಕಾದವು ಬೇರೆ ಇವೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಬಾಣಂತಿಗೆ ನೀರು ಕೊಡದಿರುವುದು. ಹಾಲೂಡುವವಳಿಗೆ ನೀರು ಹೆಚ್ಚೇ ಬೇಕು. ಬೇಳೆ, ಸೊಪ್ಪು, ಮೊಟ್ಟೆ ನಂಜು ಎಂದು ಬರೀ ಅನ್ನ ಸಾರಿನಲ್ಲಿ ಇಡುವುದು. ಕಿಟಕಿಯಿಲ್ಲದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು. ತಗಡಿನ ಶೆಡ್ಡಿನಲ್ಲಂತೂ ತಾಯಿ ಕೂಸು ಇಬ್ಬರಿಗೂ ಅದು ವಿಷ. ಹೊಕ್ಕುಳಿಗೆ ಅರಿಸಿನ, ಬೂದಿ, ಎಣ್ಣೆ. ಒಣಗಿದಂತೆ ಬಿಟ್ಟರೆ ತಾನೇ ಉದುರುತ್ತದೆ. ಕೂಸಿನ ಕಿವಿ ಮೂಗಿಗೆ ಎಣ್ಣೆ ಬಿಡುವುದು. ಆರು ತಿಂಗಳವರೆಗೆ ಮೊಲೆಹಾಲು ಬಿಟ್ಟು ಬೇರೇನೂ ಬೇಡ, ಬೇಸಿಗೆಯಲ್ಲೂ ನೀರು ಬೇಡ. ಏಪ್ರಿಲ್, ಮೇನಲ್ಲಿ ಪುಣೆಯ ತಗಡು ಕಾದಾಗ ಕೂಸನ್ನು ನಾಲ್ಕು ಬಟ್ಟೆಯಲ್ಲಿ ಸುತ್ತಬೇಡಿ. ಡಿಸೆಂಬರಿನ ಚಳಿಯಲ್ಲಿ ತೂಕ ಕಡಿಮೆಯ ಕೂಸನ್ನು ತಾಯಿಯ, ಇಲ್ಲವೇ ತಂದೆಯ, ಬರಿ ಎದೆಗೆ ಕಟ್ಟಿ ಹೊದಿಸಿ.

ಮೇಸ್ತ್ರಿಗಳಿಗೆ ಒಂದು ಮಾತು. ಹೆರಿಗೆಯಾದ ಆರು ವಾರದೊಳಗೆ ಹೆಂಗಸನ್ನು ಕೆಲಸಕ್ಕೆ ಹಚ್ಚುವುದನ್ನು ಕಾನೂನೇ ನಿಷೇಧಿಸಿದೆ. ‘ಆಕೆಯೇ ಬಂದಳು’ ಎಂಬುದು ಉತ್ತರವಲ್ಲ.

ಕೆಲವರಿಗೆ ಹೆತ್ತ ಮೇಲೆ ಕಾರಣವಿಲ್ಲದೆ ಅಳು, ಕೂಸಿನ ಮೇಲೆ ಮನಸ್ಸಿಲ್ಲದಿರುವುದು, ನಿದ್ದೆ ಬಾರದಿರುವುದು ಇರುತ್ತದೆ. ಎರಡು ವಾರ ದಾಟಿದರೆ ವೈದ್ಯರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಹಣವಿಲ್ಲ. ಸಾಯುವ ಮಾತು, ಕೂಸಿಗೆ ಏನಾದರೂ ಮಾಡಿಬಿಡುವ ಮಾತು ಬಂದರೆ ಆ ದಿನವೇ ಕರೆದುಕೊಂಡು ಹೋಗಿ, ಒಂಟಿಯಾಗಿ ಬಿಡಬೇಡಿ.

ಬರಬೇಕಾದ ಹಣ

ಜನನಿ ಸುರಕ್ಷಾ ಯೋಜನೆಯಲ್ಲಿ ಮಹಾರಾಷ್ಟ್ರದಂಥ ರಾಜ್ಯದಲ್ಲಿ ಬಡತನ ರೇಖೆಯ ಕೆಳಗಿನ ಮತ್ತು ಪರಿಶಿಷ್ಟ ಜಾತಿ, ಪಂಗಡದ ತಾಯಂದಿರಿಗೆ ಹಳ್ಳಿಯಲ್ಲಿ 700, ನಗರದಲ್ಲಿ 600 ರೂಪಾಯಿ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000, ಎರಡನೆಯದು ಹೆಣ್ಣಾದರೆ 6000. ಇ-ಶ್ರಮ್ ಕಾರ್ಡು ಇದ್ದವರೂ ಅರ್ಹರು, ಅಂಗನವಾಡಿಯಲ್ಲಿ ವಿಚಾರಿಸಿ. ದೊಡ್ಡದಿರುವುದು ಮೂರನೆಯದು. ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ ಕಾರ್ಮಿಕ ಮಹಿಳೆಗೆ, ಅಥವಾ ನೋಂದಾಯಿತ ಕಾರ್ಮಿಕನ ಹೆಂಡತಿಗೆ, ಮೊದಲ ಎರಡು ಹೆರಿಗೆಗಳಿಗೆ ಸಹಜವಾದರೆ 15,000, ಸಿಸೇರಿಯನ್ ಆದರೆ 20,000 ರೂಪಾಯಿ. ನೋಂದಣಿಗೆ ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಅದನ್ನು ಗುತ್ತಿಗೆದಾರ ಕೊಡಬೇಕು, ಕೊಡಲು ಮೀನಮೇಷ ಎಣಿಸುತ್ತಾನೆ. ಬಸುರಾದ ಮೂರನೆಯ ತಿಂಗಳಿನಿಂದಲೇ ಬೆನ್ನು ಹತ್ತಿ.

ಜನನ ಪ್ರಮಾಣಪತ್ರ, ಲಸಿಕೆ

ಜನನ ನೋಂದಣಿ ಆಗುವುದು ಕೂಸು ಹುಟ್ಟಿದ ಜಾಗದಲ್ಲಿ. ಪುಣೆಯಲ್ಲಿ ಹುಟ್ಟಿದರೆ ಊರಿನ ಪಂಚಾಯಿತಿಯಲ್ಲಿ ಪ್ರಮಾಣಪತ್ರ ಸಿಗುವುದಿಲ್ಲ. 21 ದಿನದೊಳಗಾದರೆ ಶುಲ್ಕವಿಲ್ಲ. ಆಸ್ಪತ್ರೆಯವರೇ ಮಾಹಿತಿ ಕಳುಹಿಸುತ್ತಾರೆ, ಪ್ರಮಾಣಪತ್ರವನ್ನು ನೀವು ಕೇಳಿ ಪಡೆಯಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ ಸೇರಲು, ಪಾಸ್‌ಪೋರ್ಟ್‌ಗೆ, ಮತದಾರರ ಪಟ್ಟಿಗೆ ಹುಟ್ಟಿದ ದಿನದ ದಾಖಲೆಯೆಂದರೆ ಇದೇ. ಊರಿಗೆ ಹೊರಡುವ ಮೊದಲು ಕೈಗೆ ಬಾರದಿದ್ದರೆ ಇಲ್ಲಿ ಉಳಿಯುವ ಒಬ್ಬರಿಗೆ ರಸೀದಿಯ ನಕಲು ಕೊಟ್ಟು ಹೋಗಿ. ತೊಟ್ಟಿಲ ಹೆಸರು ಇನ್ನೂ ಇಟ್ಟಿಲ್ಲ ಎಂದು ನೋಂದಣಿ ನಿಲ್ಲಿಸಬೇಡಿ; ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು.

ಮುಂದಿನ ಲಸಿಕೆಗಳು ಆರು, ಹತ್ತು, ಹದಿನಾಲ್ಕನೆಯ ವಾರಕ್ಕೆ. ಆರನೆಯ ವಾರದ್ದು 42ನೆಯ ದಿನದ ಭೇಟಿಯ ಜೊತೆಗೇ ಬರುತ್ತದೆ, ಊರಿನ ಆರೋಗ್ಯ ಕೇಂದ್ರದಲ್ಲಿ ಆಗುತ್ತದೆ. ಹತ್ತು, ಹದಿನಾಲ್ಕರ ಹೊತ್ತಿಗೆ ಬಹಳ ಸಂಸಾರಗಳು ಮತ್ತೆ ಪುಣೆಯ ದಾರಿ ಹಿಡಿದಿರುತ್ತವೆ. ಲಸಿಕೆ ಎರಡೂ ರಾಜ್ಯಗಳಲ್ಲಿ ಒಂದೇ, ಉಚಿತ. ಕಾರ್ಡು ತೋರಿಸಿದರೆ ಯಾವ ಸರ್ಕಾರಿ ಕೇಂದ್ರದಲ್ಲಾದರೂ ಉಳಿದದ್ದನ್ನು ಹಾಕುತ್ತಾರೆ. ಈ ಸಲ ಊರಿನ ಆಶಾಳಿಂದ ಪುಣೆಯ ಆಶಾಳಿಗೆ ಫೋನು ಮಾಡಿಸಿ.